ಮಾತಾಡುವುದನ್ನು ಕಲಿತರೆ ಊರಿಗೇನು ಲಾಭ?

“ಕೊಪ್ಪಳ ಕಡೆಯ ಹಳ್ಳಿಯವಳು. ನಾಲ್ಕು ಜನರ ಮುಂದೆ ನಿಂತರೆ ಬಾಯಿ ಒಣಗುತ್ತದೆ. ಮಾತಾಡುವುದನ್ನು ಕಲಿತರೆ ನನಗಾಗಲಿ ಊರಿಗಾಗಲಿ ಲಾಭ ಇದೆಯಾ?” ಎಂದು ಕೇಳಿದ್ದೀರಿ.

ಇದೆ. ಕಟ್ಟೆಯ ಮೇಲಿನ ಗೊಣಗಾಟವನ್ನು ಉತ್ತರ ಕೊಡಲೇಬೇಕಾದ ಪ್ರಶ್ನೆಯಾಗಿ ಮಾಡಲು ಬರುತ್ತದೆ.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರೇ. ಅಲ್ಲಿ “ನೀರಿನ ತ್ರಾಸು ಐತ್ರಿ” ಎಂದರೆ “ನೋಡೋಣ” ಎನ್ನುತ್ತಾರೆ, ಅಲ್ವಾ? “ನಮ್ಮ ಓಣಿ ಬೋರ್‌ವೆಲ್ ಮೋಟರ್ ಸುಟ್ಟು 20 ದಿನ ಆತು. 40 ಮನಿಗೆ ನೀರಿಲ್ಲ. ಯಾವಾಗ ರಿಪೇರಿ ಮಾಡಸ್ತೀರಿ? ನಡಾವಳಿಯೊಳಗ ಬರೀರಿ” ಎಂದು ನೋಡಿ. ನಡಾವಳಿ ಎಂದರೆ ಸಭೆಯ ದಾಖಲೆ. ಊರೇ ಸಾಕ್ಷಿ, ಮೇಲೆ ಬರಹ ಬೇರೆ. ಮುಂದಿನ ಸಭೆಯಲ್ಲಿ ಅದನ್ನೇ ತೆಗೆಸಿ ಕೇಳಬಹುದು. ಕೆಲಸ ಆಗೇಬಿಡುತ್ತದೆ ಎಂದಲ್ಲ, ಜಾರಿಕೊಳ್ಳುವುದು ಕಷ್ಟವಾಗುತ್ತದೆ.

ಇನ್ನು ಭಯ. ಬಾಯಿ ಒಣಗುವುದು, ಎದೆ ಹೊಡೆದುಕೊಳ್ಳುವುದು, ದೇಹ ಅಪಾಯಕ್ಕೆ ಸಿದ್ಧವಾಗುವ ರೀತಿ. ಮತ್ತೆ ಮತ್ತೆ ಮಾತಾಡಿ, ಅಂದುಕೊಂಡಷ್ಟು ಅವಮಾನ ಆಗಲಿಲ್ಲ ಎಂದು ಗೊತ್ತಾದಂತೆ ಅದು ತಗ್ಗುತ್ತದೆ. ಧೈರ್ಯ ಬಂದ ಮೇಲೆ ಮಾತಾಡ್ತೀನಿ ಅಂತ ಕೂತರೆ ಅದು ಬರುವುದೇ ಇಲ್ಲ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಎರಡು ನಿಮಿಷದಿಂದ ಶುರು ಮಾಡಿ.

ನಮ್ಮ ಮಾತು ‘ಶುದ್ಧ’ ಅಲ್ಲ ಅಂತ ನಮ್ಮ ಕಡೆಯವರು ಸುಮ್ನೆ ಹಿಂಜರಿಯುವುದು ಜಾಸ್ತಿ. ಬೆಂಗಳೂರು ಕನ್ನಡ ಬೇಕಿಲ್ಲ. ಐತಿ, ಬರ್ರಿ ಅಂತಲೇ ಕೇಳಿ.