ಫಿಲಿಪ್ಪೀನ್ಸ್‌ನ ಯುವ ನೌಕರರು ಪದೇ ಪದೇ ಕೆಲಸ ಬದಲಿಸುವುದೇಕೆ? ಅದರಿಂದ ವೃತ್ತಿ ಬೆಳೆಯುತ್ತದೆಯೇ?

ಇದನ್ನು ಬರಿಯ ಚಂಚಲತೆಯೆಂದು ತಳ್ಳಿಹಾಕುವವರು ಅಲ್ಲಿನ ಕಾನೂನನ್ನು ಗಮನಿಸಿದಂತಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಪ್ರೊಬೇಷನ್ ಅವಧಿ ಸಾಮಾನ್ಯವಾಗಿ 6 ತಿಂಗಳು ಮೀರುವಂತಿಲ್ಲ. ಆ ಬಳಿಕವೂ ದುಡಿಸಿಕೊಂಡರೆ ನೌಕರ ಕಾಯಂ ಆಗುತ್ತಾನೆ. ಇದನ್ನು ತಪ್ಪಿಸಲೆಂದೇ ಮಳಿಗೆ, ಕಾರ್ಖಾನೆಗಳಲ್ಲಿ 5 ತಿಂಗಳಿಗೆ ಕರಾರು ಮುಗಿಸಿ ಮನೆಗೆ ಕಳುಹಿಸುವ, ಜನರ ಬಾಯಲ್ಲಿ ‘ಎಂಡೊ’ ಎನಿಸಿಕೊಂಡ ಪದ್ಧತಿ ಬೇರೂರಿತು. ಅಂಥವರು ವರ್ಷಕ್ಕೆರಡು ಕಡೆ ದುಡಿದಿದ್ದರೆ ಅದು ಅವರ ಆಯ್ಕೆಯಲ್ಲ.

ತಾವಾಗಿಯೇ ಬಿಡುವವರ ಕಥೆ ಬೇರೆ. ಮಕಾಟಿ, ಟಗಿಗ್, ಸೆಬುವಿನ ಕಾಲ್ ಸೆಂಟರ್‌ಗಳಲ್ಲಿ ರಾತ್ರಿ ಪಾಳಿ ಮಾಡುವ ಏಜೆಂಟನಿಗೆ, ಇದ್ದಲ್ಲೇ ಸಿಗುವ ವಾರ್ಷಿಕ ಏರಿಕೆಗಿಂತ ಪಕ್ಕದ ಕಟ್ಟಡದ ಕಂಪನಿ ಕೊಡುವ ಆರಂಭಿಕ ಸಂಬಳವೇ ಹೆಚ್ಚು ಲಾಭವೆನಿಸುವುದುಂಟು. ಕಳೆದುಕೊಳ್ಳುವುದೂ ಕಡಿಮೆ: 30 ದಿನಗಳ ನೋಟಿಸ್ ಸಾಕು, ಎಸ್‌ಎಸ್‌ಎಸ್ ಸಾಮಾಜಿಕ ಭದ್ರತೆಯ ಸಂಖ್ಯೆ ಜೀವನಪರ್ಯಂತ ಒಂದೇ, 1975ರ ಅಧ್ಯಕ್ಷೀಯ ಆಜ್ಞೆಯಿಂದ ಬಂದ, ವರ್ಷಕ್ಕೊಮ್ಮೆ ಹೆಚ್ಚುವರಿಯಾಗಿ ಕೊಡುವ 13ನೇ ತಿಂಗಳ ವೇತನವೂ ದುಡಿದ ತಿಂಗಳುಗಳ ಲೆಕ್ಕದಲ್ಲಿ ಕೈಸೇರುತ್ತದೆ. (ಡಿಸೆಂಬರ್ 24ರೊಳಗೆ ಅದನ್ನು ಪಡೆದು ಜನವರಿಯಲ್ಲಿ ರಾಜೀನಾಮೆ ಬರೆಯುವವರು ಅಪರೂಪವೇನಲ್ಲ.)

ಆದರೆ ಸಂಬಳ ಏರಿದ ಮಾತ್ರಕ್ಕೆ ವೃತ್ತಿ ಬೆಳೆದಂತಲ್ಲ. ಫೋನ್ ಬಿಟ್ಟು ಗುಣಮಟ್ಟ ಪರಿಶೀಲನೆಗೋ ಲೆಕ್ಕಪತ್ರ ವಿಭಾಗಕ್ಕೋ ಹೊರಳುವ ಜಿಗಿತವನ್ನಷ್ಟೇ ನಾನು ಬೆಳವಣಿಗೆಯೆಂದು ಎಣಿಸುತ್ತೇನೆ. ಏಜೆಂಟನಾಗಿಯೇ ಮೂರು ಕಂಪನಿ ಸುತ್ತಿದವನು ಪ್ರತಿ ಬಾರಿಯೂ ತರಬೇತಿ, ಪ್ರೊಬೇಷನ್‌ಗಳನ್ನು ಮೊದಲಿನಿಂದ ಮುಗಿಸಬೇಕು. ಅಷ್ಟರಲ್ಲಿ ಟೀಮ್ ಲೀಡರ್ ಹುದ್ದೆ, ಕಾಲ್ ಸೆಂಟರ್ ಯಾರ ಪರವಾಗಿ ಕರೆ ನಿಭಾಯಿಸುತ್ತದೋ ಆ ಗ್ರಾಹಕ ಸಂಸ್ಥೆಯ ಕೆಲಸದ ಒಳಹೊರಗು ಬಲ್ಲ ಹಳಬನ ಪಾಲಾಗಿರುತ್ತದೆ.