ಸಂಪಾದಕರ ಉತ್ತರ: ಬೆಳ್ಳಿಗೆ ಇನ್ನೆರಡು ತಿಂಗಳು ಕೊಡಿ

ಗದಗ ಜಿಲ್ಲೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಷರತ್ತಿನೊಂದಿಗೆ, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ತಿರುಳು ಇಷ್ಟು: ‘ನಮ್ಮ ಮುಧೋಳ ಹೆಣ್ಣುನಾಯಿ ಬೆಳ್ಳಿಗೆ 14 ತಿಂಗಳು. ಮೊದಲ ಬೆದೆ ಮುಗಿದು 20 ದಿನವಾಯಿತು. ಬೆದೆಯಿದ್ದ ಆ ಮೂರು ವಾರ ಊರಿನ ಗಂಡುನಾಯಿಗಳೆಲ್ಲ ನಮ್ಮ ಅಂಗಳದಲ್ಲೇ ಠಿಕಾಣಿ ಹೂಡಿದ್ದವು. ಇನ್ನೊಮ್ಮೆ ಆ ಪಾಡು ಬೇಡವೆಂದು ಮುಂದಿನ ವಾರವೇ ಸಂತಾನಹರಣ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿದ್ದೇವೆ. ಒಂದು ಸೂಲಾದರೂ ಆಗಲಿ, ಇಲ್ಲದಿದ್ದರೆ ಪಾಪ ಎಂದು ಅವ್ವ ಹಟ ಹಿಡಿದಿದ್ದಾರೆ. ಸಿದ್ಧತೆ ಏನು, ಆರೈಕೆ ಏನು, ತಿಳಿಸಿ.’

ಮಾನ್ಯರೇ, ನಾನು ಪಶುವೈದ್ಯನಲ್ಲ, ಮೂರು ನಾಯಿಗಳಿಗೆ ಈ ಶಸ್ತ್ರಚಿಕಿತ್ಸೆ ಮಾಡಿಸಿದವನು. ಸಿದ್ಧತೆಗಿಂತ ಮೊದಲು ದಿನದ ಮಾತಾಡೋಣ. ಮುಂದಿನ ವಾರ ಬೇಡ. ಬೆದೆಯ ಕಾಲದಲ್ಲಿ ಗರ್ಭಕೋಶಕ್ಕೆ ರಕ್ತದ ಹರಿವು ಹೆಚ್ಚಿರುತ್ತದೆ, ಕತ್ತರಿ ತಾಗಿದರೆ ಸೋರಿಕೆಯೂ ಹೆಚ್ಚು. ಬೆದೆ ಮುಗಿದ ಮೇಲೂ ಸುಮಾರು ಎರಡು ತಿಂಗಳು, ಗಬ್ಬವಾಗಿರಲಿ ಬಿಡಲಿ, ಹೆಣ್ಣುನಾಯಿಯ ಮೈಯಲ್ಲಿ ಗಬ್ಬದ ಹಾರ್ಮೋನು ಇದ್ದೇ ಇರುತ್ತದೆ. ನಡುವೆ ಅಂಡಾಶಯ ತೆಗೆದರೆ ಅದು ಒಮ್ಮೆಲೇ ಕುಸಿದು, ಮರಿ ಹಾಕದ ನಾಯಿಗೂ ಮೊಲೆ ತುಂಬಿ ಹಾಲು ಬರಬಹುದು. ಅದಕ್ಕೇ ಬೆದೆಯ ನಂತರ ಎರಡು ಮೂರು ತಿಂಗಳು ಕಾಯಿರಿ ಎನ್ನುವುದು. ವೈದ್ಯರಿಗೆ ಬೆದೆಯ ದಿನಾಂಕ ಹೇಳಿದ್ದೀರಾ? ಪತ್ರದಲ್ಲಿ ಆ ಮಾತಿಲ್ಲ. ಇನ್ನೊಂದು ಪ್ರಶ್ನೆ, ಮುಜುಗರ ಬೇಡ: ಆ ಮೂರು ವಾರದಲ್ಲಿ ಬೆಳ್ಳಿ ಒಂದು ಗಳಿಗೆಯಾದರೂ ಕಣ್ತಪ್ಪಿಸಿ ಹೋಗಿದ್ದಳೇ? ಹೋಗಿದ್ದರೆ ಅದನ್ನೂ ಹೇಳಿ. ಗಬ್ಬ ಕಟ್ಟಿ ನಾಲ್ಕು ವಾರವಾದರೆ ಸ್ಕ್ಯಾನಿಂಗ್‌ನಲ್ಲಿ ತಿಳಿಯುತ್ತದೆ, ಆಗ ಲೆಕ್ಕವೇ ಬೇರೆಯಾಗುತ್ತದೆ.

ಕಾಯುವ ದಿನಗಳಲ್ಲಿ ಸುಮ್ಮನೆ ಕೂರುವಂತಿಲ್ಲ. ಪಯೋಮೆಟ್ರಾ ಎಂಬ, ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬೆದೆಯ ನಂತರದ ವಾರಗಳಲ್ಲೇ ಹೆಚ್ಚು. ವಯಸ್ಸಾದ ನಾಯಿಗಳಿಗೆ ಅದರ ಕಾಟ ಜಾಸ್ತಿ, ಆದರೆ ಎಳೆಯವಕ್ಕೆ ಬರುವುದಿಲ್ಲವೆಂದಲ್ಲ. ಬೆಳ್ಳಿ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದರೆ, ಊಟ ಬಿಟ್ಟರೆ, ವಾಂತಿ ಮಾಡಿದರೆ, ಹಿಂದಿನಿಂದ ಕೆಟ್ಟ ವಾಸನೆಯ ಸ್ರಾವ ಕಂಡರೆ, ಅಂದೇ ಆಸ್ಪತ್ರೆಗೆ ಒಯ್ಯಿರಿ. ಅವ್ವನಿಗೆ ಉತ್ತರವೂ ಇಲ್ಲೇ ಇದೆ. ಒಂದು ಸೂಲು ಕಂಡ ಮಾತ್ರಕ್ಕೆ ಈ ರೋಗ ಬಾರದಿರುವುದಿಲ್ಲ. ಮೊಲೆಯ ಗಡ್ಡೆಯ ವಿಷಯದಲ್ಲಂತೂ, ಬೆದೆಗಳು ಹೆಚ್ಚಾದಷ್ಟೂ ಶಸ್ತ್ರಚಿಕಿತ್ಸೆಯಿಂದ ಸಿಗುವ ರಕ್ಷಣೆ ಕಡಿಮೆಯಾಗುತ್ತ ಹೋಗುತ್ತದೆ. ಪಾಪದ ಮಾತಿಗೆ ನಾನು ಹೇಳುವುದು ಇಷ್ಟೇ: ಏಳೆಂಟು ಮರಿ ಹುಟ್ಟಿದರೆ ಅಷ್ಟಕ್ಕೂ ಮನೆ ಗೊತ್ತುಮಾಡುವವರು ಯಾರು ಎಂದು ಅವರನ್ನೇ ಕೇಳಿ.

ಇನ್ನು ಸಿದ್ಧತೆ. ನಮ್ಮ ಕಡೆಯ ನಾಯಿಗಳಿಗೆ ಉಣ್ಣೆಯ ಉಪದ್ರವ ಎಲ್ಲರಿಗೂ ಗೊತ್ತು, ಉಣ್ಣೆಜ್ವರ ಒಳಗೊಳಗೇ ರಕ್ತದ ಪ್ಲೇಟ್‌ಲೆಟ್ ತಗ್ಗಿಸಿಬಿಡುವುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಮೇಲೆ ನಾಯಿ ಚೆನ್ನಾಗಿಯೇ ಕಾಣುತ್ತದೆ, ಮೇಜಿನ ಮೇಲೆ ಮಲಗಿಸಿದಾಗ ರಕ್ತ ಹೆಪ್ಪುಗಟ್ಟುವುದಿಲ್ಲ. ರಕ್ತಪರೀಕ್ಷೆಯ ಹಣ ಉಳಿಸಬೇಡಿ. ಎರಡನೆಯದು ನಿಮ್ಮ ಮುಧೋಳಕ್ಕೇ ವಿಶೇಷವಾದದ್ದು. ಗ್ರೇಹೌಂಡಿನಂಥ ಓಟದ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಥಯೋಪೆಂಟೋನ್ ಎಂಬ ಹಳೆಯ ಅರಿವಳಿಕೆ ಅವುಗಳ ಮೈಯಿಂದ ಬೇಗ ಇಳಿಯುವುದಿಲ್ಲ, ಎಚ್ಚರವಾಗಲು ಬಹಳ ಹೊತ್ತು ಬೇಕಾಗುತ್ತದೆ. ಮುಧೋಳದ್ದೂ ಅದೇ ಮೈಕಟ್ಟು. ‘ಯಾವ ಅರಿವಳಿಕೆ ಕೊಡುತ್ತೀರಿ ಸರ್?’ ಎಂದು ಮೊದಲೇ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ.

ಎರಡು ದಿನ ಮೊದಲೇ ಸ್ನಾನ ಮಾಡಿಸಿ, ಆಮೇಲೆ ಎರಡು ವಾರ ನೀರು ತಾಗಿಸುವಂತಿಲ್ಲ. ಹಿಂದಿನ ರಾತ್ರಿಯ ಊಟವೇ ಕೊನೆ. ನೀರನ್ನು ಎಷ್ಟು ಹೊತ್ತಿನವರೆಗೆ ಇಡಬಹುದೆಂದು ವೈದ್ಯರು ಹೇಳುತ್ತಾರೆ, ಸಾಮಾನ್ಯವಾಗಿ ಬೆಳಗಿನವರೆಗೂ ಅಡ್ಡಿಯಿಲ್ಲ. ಅರಿವಳಿಕೆಯಲ್ಲಿ ಗಂಟಲಿನ ಕಾವಲು ತಪ್ಪುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಇದು ಮನೆಮಂದಿಗೆಲ್ಲ ತಿಳಿದಿರಲಿ. ನಮ್ಮ ಮೊದಲ ನಾಯಿಯ ಸರದಿಯಲ್ಲಿ ನನ್ನ ತಾಯಿ, ‘ಪಾಪ, ಹಸಿದುಕೊಂಡು ಹೋಗುತ್ತಿದೆ’ ಎಂದು ನಾನು ಆಟೋ ಕರೆಯಲು ಹೋದಾಗ ಅರ್ಧ ಪೊಟ್ಟಣ ಬಿಸ್ಕತ್ತು ತಿನ್ನಿಸಿದ್ದರು. ಆಸ್ಪತ್ರೆಯಲ್ಲಿ ಬಾಯಿಯ ಸುತ್ತ ಅಂಟಿದ್ದ ಚೂರು ಕಂಡು ವೈದ್ಯರು ನಮ್ಮನ್ನು ವಾಪಸು ಕಳುಹಿಸಿದರು.

ಮನೆಗೆ ಬರುವ ಬೆಳ್ಳಿ ನಿಮ್ಮ ಬೆಳ್ಳಿಯಂತೆ ಇರುವುದಿಲ್ಲ. ತೂರಾಡುತ್ತಾಳೆ, ನಡುಗುತ್ತಾಳೆ, ಸಣ್ಣಗೆ ಕುಂಯ್‌ಗುಡುತ್ತಾಳೆ. ಅದೆಲ್ಲವೂ ನೋವೇ ಆಗಿರಬೇಕಿಲ್ಲ, ಮದ್ದಿನ ಮಂಪರೂ ಇರುತ್ತದೆ. ಮಂಚ, ದಿವಾನ ಬೇಡ, ನೆಲದ ಮೇಲೆ ಕಂಬಳಿ ಹಾಸಿ ಮಲಗಿಸಿ, ಮೇಲೊಂದು ಹೊದಿಕೆ ಹಾಕಿ, ಕೊಬ್ಬಿಲ್ಲದ ಮೈಗೆ ಚಳಿ ಬೇಗ ತಗಲುತ್ತದೆ. ಮೊದಲು ಸ್ವಲ್ಪ ಸ್ವಲ್ಪ ನೀರು, ಅದು ದಕ್ಕಿದರೆ ರಾತ್ರಿ ಕಾಲು ಪಾಲು ಊಟ. ಅಂದು ಉಣ್ಣದಿದ್ದರೆ ಗಾಬರಿ ಬೇಡ, ಮರುದಿನ ಸಂಜೆಗೂ ಮುಟ್ಟದಿದ್ದರೆ ಫೋನ್ ಮಾಡಿ. ವಸಡು ಬಿಳಿಚಿಕೊಂಡರೆ, ಹೊಟ್ಟೆ ಉಬ್ಬಿದರೆ, ಗಾಯದಿಂದ ರಕ್ತ ತೊಟ್ಟಿಕ್ಕಿದರೆ ಬೆಳಗಾಗುವವರೆಗೆ ಕಾಯಬೇಡಿ.

ಗಾಯವನ್ನು ದಿನಕ್ಕೆ ಎರಡು ಸಲ ನೋಡಿ, ಅಷ್ಟೇ. ಅರಿಶಿನ, ಕೊಬ್ಬರಿ ಎಣ್ಣೆ, ಕಾಫಿಪುಡಿ ಯಾವುದೂ ಬೇಡ. ಒಂದಿಷ್ಟು ಕೆಂಪು, ಒಂದಿಷ್ಟು ಊತ ಸಹಜ. ಒದ್ದೆ, ವಾಸನೆ, ಬಿರುಕು ಸಹಜವಲ್ಲ. ನೊಣ ಕೂರದಂತೆ ನೋಡಿಕೊಳ್ಳಿ, ಹುಳು ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ನೋವಿಗೆ ವೈದ್ಯರು ಕೊಟ್ಟ ಮದ್ದು ಮಾತ್ರ. ನಮ್ಮ ಮಾತ್ರೆ ಡಬ್ಬಿಯ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ನಾಯಿಯ ಜಠರವನ್ನೂ ಮೂತ್ರಪಿಂಡವನ್ನೂ ಹಾಳುಮಾಡುತ್ತವೆ. ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಕೋನ್ ಕಂಡು ಅಯ್ಯೋ ಎನ್ನಿಸಿ ಬಿಚ್ಚುವವರೇ ಹೆಚ್ಚು, ನಾನೂ ಬಿಚ್ಚಿದ್ದೆ. ಅದರ ಬದಲಿಗೆ ತೊಡಿಸಿದ ನನ್ನ ಹಳೆಯ ಬನಿಯನ್ನನ್ನು ಆ ನಾಯಿ ರಾತ್ರೋರಾತ್ರಿ ಹರಿದು, ಎರಡು ಹೊಲಿಗೆಯನ್ನೂ ಕಿತ್ತುಕೊಂಡಿತ್ತು.

ನಿಜವಾಗಿ ಕಷ್ಟವಾಗುವುದು ಮೂರನೆಯ ದಿನದಿಂದ. ಅಷ್ಟರಲ್ಲಿ ಬೆಳ್ಳಿಗೆ ಎಲ್ಲ ಮರೆತಿರುತ್ತದೆ, ಬೇಲಿಯಾಚೆ ಏನಾದರೂ ಸರಿದರೆ ಬಾಣದಂತೆ ಚಿಮ್ಮುತ್ತಾಳೆ. ಚರ್ಮ ಕೂಡಿದಂತೆ ಕಂಡರೂ ಒಳಗೆ ಹೊಟ್ಟೆಯ ಗೋಡೆಯ ಹೊಲಿಗೆ ಇನ್ನೂ ಹಸಿ, ಅದು ಬಿಟ್ಟುಕೊಂಡರೆ ಮತ್ತೆ ಮೇಜಿನ ಮೇಲೇ. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಮೂತ್ರಕ್ಕೆ ಹೋಗುವಾಗಲೂ ಹಗ್ಗ ಕೈಯಲ್ಲಿರಲಿ. ಆಮೇಲೆ ಊಟವನ್ನು ಸ್ವಲ್ಪ ತಗ್ಗಿಸಿ, ಇಲ್ಲದಿದ್ದರೆ ಮೈ ಬರುತ್ತದೆ.

ಬದಲಿಗೆ ಪಕ್ಕದ ಮನೆಯ ಗಂಡುನಾಯಿಗೇ ಮಾಡಿಸಿದರೆ ಹೇಗೆ ಎಂದು ನಿಮ್ಮ ಯಜಮಾನರು ಕೇಳಿದ್ದಾರಂತೆ. ಗಂಡಿಗೆ ಹೊಟ್ಟೆ ಕೊಯ್ಯಬೇಕಿಲ್ಲ, ಗಾಯವೂ ಚಿಕ್ಕದು. ಆದರೆ ಮಾಡಿಸಿದ ಮೇಲೂ ಕೆಲವು ವಾರ ಅದರಿಂದ ಗಬ್ಬವಾಗಬಹುದು. ನಿಮ್ಮ ಅಂಗಳಕ್ಕೆ ಬರುವವು ಅದೊಂದೇ ಅಲ್ಲವೆಂದು ಪತ್ರದಲ್ಲಿ ನೀವೇ ಬರೆದಿದ್ದೀರಿ.

ಇಂದೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಮುಂದಕ್ಕೆ ಹಾಕಿಸಿ. ಆ ಬೆಳಗ್ಗೆ ಅವ್ವನನ್ನೂ ಜೊತೆಗೇ ಕರೆದುಕೊಂಡು ಹೋಗಿ, ಬೆಳ್ಳಿಯ ತಲೆ ಅವರ ತೊಡೆಯ ಮೇಲಿರಲಿ, ಬಿಸ್ಕತ್ತಿನ ಡಬ್ಬಿ ಮನೆಯಲ್ಲೇ ಇರಲಿ.

– ಸಂ.