ಸೋಗೆ ಮುಚ್ಚಿದ ಬಾವಿ, ನಮ್ಮ ಬಚ್ಚಲ ಒಲೆ

"ನಾವು ಇವತ್ತು ಯೋಚನೆಯೇ ಇಲ್ಲದೆ ದಿನಾ ಮಾಡುವ ಯಾವ ಕೆಲಸಗಳನ್ನು ನಮ್ಮ ಮೊಮ್ಮಕ್ಕಳು ತಪ್ಪು ಎನ್ನಬಹುದು?" ಎಂದು ಕೇಳಿದ್ದೀರಿ. ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆಯವಳು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಸಣ್ಣ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದೆ. ಮನೆಯಲ್ಲಿ ಎರಡೂವರೆ ಎಕರೆ ಅಡಿಕೆ ತೋಟ ಇದೆ. ನಿಮ್ಮ ಪ್ರಶ್ನೆಗೆ ಉತ್ತರಿಸಲು ನನಗೆ ಭವಿಷ್ಯ ಊಹಿಸುವ ಅಗತ್ಯ ಬೀಳಲಿಲ್ಲ. ಹೆತ್ತವರು ಮಾಡಿದ್ದನ್ನು ಮಕ್ಕಳು ಪ್ರಶ್ನಿಸುವುದು ನಮ್ಮೂರಿನಲ್ಲಿ ಒಮ್ಮೆ ನಡೆದುಹೋಗಿದೆ. ಆಗ ಕೇಳಿದವಳು ನಾನು.

ನಾನು ಆರನೇ ಕ್ಲಾಸಿನಲ್ಲಿದ್ದ ಕಾಲ. ನಮ್ಮ ಮನೆಯ ಹಿಂದಿನ ಗುಡ್ಡದ ತುಂಬ ಸರಕಾರಿ ಒಡೆತನದ ಗೇರು ತೋಟ. ಗೇರು ಹೂ ಬಿಡುವ ಸಮಯಕ್ಕೆ ಟೀ ಸೊಳ್ಳೆ ಎಂಬ ಕೀಟ ಚಿಗುರಿಗೆ ಬೀಳುತ್ತದೆ. ಅದಕ್ಕೆ ಮದ್ದು ಬಿಡಲು ಹೆಲಿಕಾಪ್ಟರ್ ಬರುತ್ತಿತ್ತು. ಬರುವ ಮುಂಚೆ "ಬಾವಿ ಮುಚ್ಚಿಕೊಳ್ಳಿ" ಎಂದು ಹೇಳಿಕಳಿಸುತ್ತಿದ್ದರು. ಅಮ್ಮ ಬಾವಿಕಟ್ಟೆಯ ಮೇಲೆ ಎರಡು ಅಡಿಕೆ ಸಲಾಕೆ ಅಡ್ಡ ಇಟ್ಟು, ಅದರ ಮೇಲೆ ಸೋಗೆ ಹರಡಿ, ಗಾಳಿಗೆ ಹಾರಬಾರದೆಂದು ನಾಲ್ಕು ಮುರಕಲ್ಲು ಹೇರುತ್ತಿದ್ದಳು. ಸೋಗೆಯ ಎಸಳುಗಳ ನಡುವೆ ಬೆಳಕು ಬಾವಿಯ ನೀರಿಗೆ ಬೀಳುವುದು ಕಾಣುತ್ತಿತ್ತು. ನಾವು ಮಕ್ಕಳು ಗದ್ದೆಯ ಬದುವಿಗೆ ಓಡಿಹೋಗಿ ಹೆಲಿಕಾಪ್ಟರಿಗೆ ಕೈ ಬೀಸುತ್ತಿದ್ದೆವು. ಬಿಳಿ ಮಂಜಿನಂಥದ್ದು ಇಳಿಯುತ್ತಿತ್ತು. ಮುಖದ ಮೇಲೆ ತಣ್ಣಗೆ ಕೂರುತ್ತಿತ್ತು.

ಅದು ಎಂಡೋಸಲ್ಫಾನ್. 1970ರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ನಮ್ಮ ಗುಡ್ಡಗಳ ಮೇಲೆ ಆಕಾಶದಿಂದ ಬಿತ್ತು. ನಮ್ಮ ಪಂಚಾಯತಿನದೇ ಊರಾದ ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್, ಒಂದೇ ಸಣ್ಣ ಪ್ರದೇಶದಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆಗಳು ಯಾಕೆ ಎಂದು ಕೇಳಲು ಶುರುಮಾಡಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ ಮದ್ದು ಬಿಡುವುದನ್ನು ನಿಲ್ಲಿಸಬೇಕೆಂದು ನಮ್ಮ ಜಿಲ್ಲೆಯ ಹೊಸದುರ್ಗದ ಕೋರ್ಟಿಗೆ ಹೋದರು. ಹೆಲಿಕಾಪ್ಟರ್ ನಿಂತಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನು ನಿಷೇಧಿಸಿತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಶಾಲೆ ಶುರುವಾಗುವ ಮುಂಚೆ ಒಂದನೇ ಕ್ಲಾಸಿಗೆ ಮಕ್ಕಳ ಪಟ್ಟಿ ಮಾಡಲು ಮನೆಮನೆಗೆ ಹೋಗುತ್ತಿದ್ದೆವು. ಒಂದು ಮನೆಯ ಜಗಲಿಯಲ್ಲಿ ಚಾಪೆಯ ಮೇಲೆ ಆರು ವರ್ಷದ ಹುಡುಗ ಮಲಗಿದ್ದ. ತಲೆ ದೊಡ್ಡದು, ಕಾಲು ನನ್ನ ಕೈಬೆರಳಿನಷ್ಟು ಸಪೂರ. ಅವನ ತಾಯಿ ಬಾಯಿಯ ಜೊಲ್ಲು ಸೆರಗಿನಲ್ಲಿ ಒರೆಸುತ್ತ, "ಇವನ ಹೆಸರು ಬರೆಯುತ್ತೀರಾ ಟೀಚರೇ?" ಎಂದು ಕೇಳಿದರು. ವಯಸ್ಸಿನ ಲೆಕ್ಕದಲ್ಲಿ ಅವನ ಹೆಸರು ಬರೆಯಬೇಕಿತ್ತು. ಬರೆದೆ. ಅವನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇಡೀ ವರ್ಷ ಗೈರುಹಾಜರಿ ಹಾಕಿದ್ದು ನನ್ನದೇ ಕೈ.

ಅವತ್ತು ಸಂಜೆ ಅಮ್ಮನಲ್ಲಿ ಕೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. "ನೀವೆಲ್ಲ ಅಷ್ಟು ವರ್ಷ ಸುಮ್ಮನೆ ಹೇಗೆ ಇದ್ದಿರಿ? ಒಮ್ಮೆಯೂ ಏನು ಮದ್ದು ಅಂತ ವಿಚಾರಿಸಬೇಕು ಅಂತ ಕಾಣಲಿಲ್ಲವಾ?" ಅಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಬಾವಿ ಮುಚ್ಚಲು ಹೇಳಿದ್ದರು ಮಗಳೇ. ಮುಚ್ಚಿದ್ದೆವಲ್ಲ."

ಮುಚ್ಚಿದ್ದು ನಿಜ. ಆದರೆ ನಾವು ಕುಡಿಯುತ್ತಿದ್ದದ್ದು ಹೆಚ್ಚಾಗಿ ಸುರಂಗದ ನೀರು. ಸುರಂಗ ಎಂದರೆ ನಮ್ಮ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಮುರಕಲ್ಲಿನಲ್ಲಿ ಕೊರೆದ ದಾರಿ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ಒಳಗೆ ಹೋಗುವಷ್ಟು ಅಗಲ. ಗುಡ್ಡ ಕುಡಿದ ಮಳೆ ಅದರಲ್ಲಿ ಜಿನುಗಿ ತಾನಾಗಿ ಹೊರಗೆ ಹರಿಯುತ್ತದೆ. ಮದ್ದು ಬಿದ್ದದ್ದು ಅದೇ ಗುಡ್ಡದ ನೆತ್ತಿಗೆ. ಗುಡ್ಡಕ್ಕೆ ಯಾರು ಸೋಗೆ ಮುಚ್ಚಬೇಕಿತ್ತು? ಆ ಕಾಲದ ಯಾರಿಗೂ ಇದು ಹೊಳೆಯಲಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಹೇಳಿದ್ದನ್ನು ಮಾಡಿದ್ದೇವೆ ಎಂಬ ಸಮಾಧಾನ ಅಷ್ಟು ದೊಡ್ಡದಿತ್ತು. ನಮ್ಮನ್ನೂ ಮೊಮ್ಮಕ್ಕಳು ಇದೇ ವಿಷಯಕ್ಕೆ ಹಿಡಿದು ನಿಲ್ಲಿಸುತ್ತಾರೆ ಎಂದು ನನ್ನ ನಂಬಿಕೆ. ಗೊತ್ತೇ ಇಲ್ಲದೆ ಮಾಡಿದ್ದನ್ನು ಕ್ಷಮಿಸಿಯಾರು. ಒಂದು ಸೋಗೆ ಎಳೆದು ಮುಖ ತಿರುಗಿಸಿದ್ದನ್ನು ಕ್ಷಮಿಸಲಾರರು.

ಈಗಿನ ನಮ್ಮ ಸೋಗೆ ಯಾವುದು? ನನ್ನ ಮನೆಯದ್ದನ್ನೇ ಹೇಳುತ್ತೇನೆ.

ನಮ್ಮಲ್ಲಿ ಬಿಸಿನೀರು ಇವತ್ತಿಗೂ ಬಚ್ಚಲ ಒಲೆಯದ್ದು. ತಾಮ್ರದ ಹಂಡೆ, ಕೆಳಗೆ ತೆಂಗಿನ ಸಿಪ್ಪೆ, ಗೆರಟೆ, ಮಡಲಿನ ಕೊತ್ತಳಿಗೆ. ಮಳೆಗಾಲದಲ್ಲಿ ಇವೆಲ್ಲ ಥಂಡಿ ಹಿಡಿದು ಹೊಗೆ ಕಾರುತ್ತವೆ, ಉರಿ ಹತ್ತುವುದಿಲ್ಲ. ಹಾಗಾಗಿ ಹಾಲಿನ ತೊಟ್ಟೆ, ಅಂದರೆ ಪ್ಲಾಸ್ಟಿಕ್ ಪ್ಯಾಕೆಟ್ಟು. ಒಂದು ಹಾಲಿನ ತೊಟ್ಟೆಗೆ ಬೆಂಕಿಕಡ್ಡಿ ಗೀರಿದರೆ ಸಾಕು, ಅದು ಕುಗ್ಗಿ, ಮುದುಡಿ, ಕರಗಿದ ಹನಿ ಉರಿಯುತ್ತಲೇ ಸೊಂಯ್ ಎಂದು ಕೆಳಗೆ ಬೀಳುತ್ತದೆ, ಸಿಪ್ಪೆ ಹತ್ತಿಕೊಳ್ಳುತ್ತದೆ. ಬರೀ ಹಾಲಿನ ತೊಟ್ಟೆಯಲ್ಲಿ ಶುರುವಾದದ್ದು ಬಿಸ್ಕತ್ತಿನ ಕವರು, ಗೊಬ್ಬರದ ಚೀಲದ ತುಂಡು, ತೋಟದ ಹಳೆ ಪೈಪಿನ ಚೂರು, ವಯರಿನ ಸಿಪ್ಪೆಯವರೆಗೆ ಬಂತು. ಒಲೆಯ ಪಕ್ಕದ ಗೂಡಿನಲ್ಲಿ ತುರುಕಿಟ್ಟರೆ ಮನೆಯೂ ಚೊಕ್ಕ, ನೀರೂ ಬಿಸಿ. ನಮ್ಮ ಬೈಲಿನಲ್ಲಿ ಸಂಜೆ ಆರು ಗಂಟೆಗೆ ನಿಂತು ನೋಡಿದರೆ ಎಷ್ಟೋ ಮನೆಗಳ ಬಚ್ಚಲಿನಿಂದ ಆ ಕಪ್ಪು ಹೊಗೆ ಏಳುವುದು ಕಾಣುತ್ತದೆ. ಮಕ್ಕಳು ಆ ಹೊಗೆಯ ಒಳಗೇ ಮೀಯುತ್ತಾರೆ.

ಬೂದಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಬಸಳೆಯ ಬುಡಕ್ಕೆ. ತೊಂಡೆ ಚಪ್ಪರದ ಬುಡಕ್ಕೆ. ನನ್ನ ಅತ್ತೆ ಹಾಕುತ್ತಿದ್ದರು, ನಾನೂ ಹಾಕಿದೆ. ಅವರ ಬೂದಿ ಬಿಳಿ, ಬೆರಳಲ್ಲಿ ಹಿಡಿದರೆ ರವೆಯ ಹಾಗೆ. ನನ್ನದರಲ್ಲಿ ಕಪ್ಪು ಗಟ್ಟಿಗಳು. ಎರಡು ವರ್ಷದ ಹಿಂದೆ ಬಸಳೆ ಕೊಯ್ಯುವಾಗ ಮಣ್ಣಿನಿಂದ ಅಂಥ ಒಂದು ಗಟ್ಟಿ ಕೈಗೆ ಬಂತು. ಒಡೆದರೆ ಒಳಗೆ ಅರ್ಧ ಕರಗಿದ ನೀಲಿ ಪೈಪಿನ ಅಂಚು ಇತ್ತು.

ನಮ್ಮ ಹೋರಾಟದ ಕಾಲದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಹೆಸರು ಇಲ್ಲಿ ಸಣ್ಣ ಮಕ್ಕಳ ಬಾಯಲ್ಲೂ ಇತ್ತು. ಬೇಗ ನಾಶವಾಗದೆ ಮಣ್ಣು, ನೀರು, ಮೈಯ ಕೊಬ್ಬಿನಲ್ಲಿ ಉಳಿದುಬಿಡುವ ವಿಷಗಳನ್ನು ಜಗತ್ತಿನಿಂದ ತೆಗೆಯಬೇಕೆಂದು 2001ರಲ್ಲಿ ಆದ ಒಪ್ಪಂದ ಅದು. 2011ರ ಏಪ್ರಿಲ್‌ನಲ್ಲಿ ಆ ಪಟ್ಟಿಗೆ ಎಂಡೋಸಲ್ಫಾನ್ ಸೇರಿದಾಗ ನಾವು ಸಿಹಿ ಹಂಚಿದೆವು. ಆದರೆ ಆ ಪಟ್ಟಿಯ ಮೊದಲ ಹನ್ನೆರಡು ಹೆಸರುಗಳನ್ನು ನಾನು ಓದಿದ್ದು ಬಸಳೆ ಬುಡದ ಗಟ್ಟಿ ಕೈಗೆ ಬಂದ ಮೇಲೆ. ಅದರಲ್ಲಿ ಡಯಾಕ್ಸಿನ್ ಇದೆ. ಪಿ.ವಿ.ಸಿ. ಪೈಪಿನಲ್ಲಿ, ವಯರಿನ ಹೊದಿಕೆಯಲ್ಲಿ ಕ್ಲೋರಿನ್ ಇರುತ್ತದೆ. ಒಲೆಯ ಅರೆಬರೆ ಬೆಂಕಿಯಲ್ಲಿ ಅದು ಸುಟ್ಟಾಗ ಡಯಾಕ್ಸಿನ್ ಹುಟ್ಟುತ್ತದೆ. ಕಾರ್ಖಾನೆಯೇ ಬೇಕಿಲ್ಲ. ಎಂಡೋಸಲ್ಫಾನ್ ಯಾರೋ ಮೇಲಿನಿಂದ ಸುರಿದದ್ದು. ಅದೇ ಪಟ್ಟಿಯ ಇನ್ನೊಂದು ವಿಷವನ್ನು ನಾನು ನನ್ನ ಬಚ್ಚಲಲ್ಲಿ, ಮೊಮ್ಮಗಳಿಗೆ ನೀರು ಬಿಸಿ ಮಾಡಲೆಂದು, ದಿನಾ ಸಂಜೆ ತಯಾರು ಮಾಡುತ್ತಿದ್ದೆ. ಎಂಡೋಸಲ್ಫಾನ್ ಬಗ್ಗೆ ಮಕ್ಕಳಿಗೆ ಪ್ರಬಂಧ ಬರೆಸಿದ ಟೀಚರ್ ನಾನು.

ಬೇರೆ ದಾರಿ ಇಲ್ಲ ಎನ್ನುವ ಹಾಗೂ ಇಲ್ಲ. ಕೇರಳದ ಪಂಚಾಯತುಗಳಲ್ಲಿ ಹರಿತ ಕರ್ಮ ಸೇನೆ ಇದೆ. ಕುಟುಂಬಶ್ರೀ ಎಂಬ ಮಹಿಳಾ ಸಂಘಗಳ ಹೆಂಗಸರು ತಿಂಗಳಿಗೊಮ್ಮೆ ಮನೆಗೆ ಬಂದು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಒಯ್ಯುತ್ತಾರೆ, ಅದಕ್ಕೆ ಸ್ವಲ್ಪ ದುಡ್ಡು ಕೊಡಬೇಕು. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ನಗರ ಹತ್ತು ಹನ್ನೆರಡು ದಿನ ಹೊಗೆಯಲ್ಲಿ ಮುಳುಗಿತ್ತಲ್ಲ, ಅದಾದ ಮೇಲೆ ಈ ವ್ಯವಸ್ಥೆ ಇನ್ನೂ ಬಿಗಿಯಾಯಿತು. ಆ ದುಡ್ಡಿಗೆ ಗೊಣಗದ ಮನೆ ನಮ್ಮ ಬೈಲಿನಲ್ಲಿ ಕಡಿಮೆ. ನಮ್ಮಲ್ಲಿಗೆ ಬರುವಾಕೆ ನನ್ನ ಹಳೆ ವಿದ್ಯಾರ್ಥಿನಿ. ಒಂದು ಸಲ ಬಿಸಿಲಿಗೆ ಬೆವರುತ್ತ ಬಂದು, ನಾನು ಕೊಟ್ಟ ಮುಷ್ಟಿಯಷ್ಟು ಕವರು ನೋಡಿ, ತುಂಬ ಮುಗ್ಧವಾಗಿ ಕೇಳಿದಳು: "ನಿಮ್ಮಲ್ಲಿ ಪ್ಲಾಸ್ಟಿಕ್ಕೇ ಆಗುವುದಿಲ್ಲವಾ ಟೀಚರೇ?" ಒಲೆಯ ಗೂಡು ಆಗ ತುಂಬಿತ್ತು. ನನಗೆ ಮಾತು ಹೊರಡಲಿಲ್ಲ. ಈಗ ಹಾಲಿನ ತೊಟ್ಟೆ ತೊಳೆದು ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕುತ್ತೇನೆ. ಮಳೆಗಾಲಕ್ಕೆಂದು ಬೇಸಗೆಯಲ್ಲೇ ಅಡಿಕೆ ಹಾಳೆ ಸೀಳಿ ಅಟ್ಟದಲ್ಲಿ ಕಟ್ಟಿಡುತ್ತೇನೆ. ಅತ್ತೆ ಮಾಡುತ್ತಿದ್ದದ್ದೂ ಅದನ್ನೇ, ನಾನು ನಡುವೆ ಮರೆತದ್ದು.

ನಮ್ಮ ಇನ್ನೊಂದು ಸೋಗೆ ಎಂದರೆ ಕೊಳವೆ ಬಾವಿ, ಅಂದರೆ ಬೋರು. ಇದರ ಬಗ್ಗೆ ನನಗೆ ಅಷ್ಟು ಧೈರ್ಯದಿಂದ ಮಾತಾಡಲು ಬರುವುದಿಲ್ಲ, ಯಾಕೆಂದರೆ ನಮ್ಮ ಊಟ ಅದರ ನೀರಿನಿಂದ ಬರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಜಿಲ್ಲೆ ಇದು. ಆದರೂ ಮಾರ್ಚ್ ಬಂದರೆ ಬೈಲಿನಲ್ಲಿ ರಾತ್ರಿಯಿಡೀ ಬೋರಿನ ಲಾರಿಯ ಸದ್ದು. ನಮ್ಮ ಮೊದಲ ಬೋರು 220 ಅಡಿ, ಬತ್ತಿತು. ಎರಡನೆಯದು 480 ಅಡಿ, ಈಗ ಏಪ್ರಿಲ್ ಹೊತ್ತಿಗೆ ಗಾಳಿ ಉಗುಳುತ್ತದೆ. ಸುರಂಗ ಗುಡ್ಡ ಕೊಟ್ಟಷ್ಟನ್ನೇ ಕೊಡುತ್ತದೆ, ಕೇಳಿದರೂ ಜಾಸ್ತಿ ಕೊಡುವುದಿಲ್ಲ. ಬೋರು ಹಾಗಲ್ಲ, ಬಂಡೆಯ ಬಿರುಕಿನಲ್ಲಿ ಎಷ್ಟೋ ಕಾಲದಿಂದ ನಿಂತದ್ದನ್ನು ಒಂದು ಸ್ವಿಚ್ಚಿಗೆ ಎಳೆದು ತರುತ್ತದೆ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ನಾವು ಸ್ಪ್ರಿಂಕ್ಲರ್ ತಿರುಗಿಸಿ ಬಟಾಬಯಲ ಬಿಸಿಲಿಗೆ ಹಾರಿಸಿದ ನೀರಿನ ಲೆಕ್ಕ ನಾವು ಬರೆದಿಡಲಿಲ್ಲ. ನಮ್ಮ ಜಿಲ್ಲೆಯ ಏತಡ್ಕದವರು ಈಗಲೂ ಮಳೆ ಬಿಟ್ಟ ಮೇಲೆ ತೋಡಿಗೆ ಸಾಲಾಗಿ ಕಟ್ಟ ಕಟ್ಟಿ ನೀರು ನಿಲ್ಲಿಸುತ್ತಾರೆ. ನಮ್ಮ ತೋಡಿಗೆ ಕಟ್ಟ ಕಟ್ಟುವುದು ನಿಂತುಹೋಗಿ ಹದಿನೈದು ವರ್ಷ ಆಯಿತು. ಎಲ್ಲರ ಮನೆಗೂ ಬೋರು ಬಂದ ಮೇಲೆ ಕಲ್ಲು ಹೊರಲು ಯಾರೂ ಬರಲಿಲ್ಲ.

ಅಡಿಕೆಯ ಮಾತನ್ನೂ ಮುಚ್ಚಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಒಂದನೇ ಗುಂಪಿಗೆ ಸೇರಿಸಿತು. ಮಾವ ಕವಳ ಹಾಕುತ್ತಲೇ ಎಂಬತ್ತೆಂಟು ವರ್ಷ ಬದುಕಿದರು ಎಂದು ನಮ್ಮ ಮನೆಯಲ್ಲಿ ಹೇಳುತ್ತೇವೆ. ಅದೂ ಒಂದು ಸೋಗೆಯೇ. ನಾವು ಮಾರಿದ ಅಡಿಕೆ ಬೇರೆ ಊರಿನಲ್ಲಿ ಇಪ್ಪತ್ತು ವರ್ಷದ ಹುಡುಗನ ಬಾಯಿಗೆ ಹೋಗುತ್ತದೆ ಎಂದು ಗೊತ್ತಿದೆ. ಮಗಳನ್ನು ಓದಿಸಿದ್ದು ಆ ದುಡ್ಡು. ಮೊಮ್ಮಗಳು ಕೇಳಿದ ದಿನ ನಾನು ಈ ಎರಡನ್ನೂ ಒಟ್ಟಿಗೇ ಹೇಳುತ್ತೇನೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದಿಲ್ಲ.

ಅಮ್ಮನಿಗೆ ಈಗ ಎಂಬತ್ತನಾಲ್ಕು. ಅವತ್ತು ಅವಳಲ್ಲಿ ಗಟ್ಟಿಯಾಗಿ ಮಾತಾಡಿದ್ದಕ್ಕೆ ನನಗೆ ಪಶ್ಚಾತ್ತಾಪ ಇದೆ, ಕೇಳಿದ್ದಕ್ಕೆ ಇಲ್ಲ.

ಈ ಬೇಸಗೆಯಲ್ಲಿ ಮೂರನೇ ಬೋರು ಕೊರೆಸುವ ಮಾತು ನಮ್ಮ ಮನೆಯಲ್ಲಿ ಬಂತು. ಯಜಮಾನರು ಲಾರಿಯವನಿಗೆ ಫೋನು ಮಾಡಿಯೂ ಆಗಿತ್ತು. ಒಂದು ವಾರ ತಡೆಯಿರಿ ಎಂದೆ. ಸುರಂಗದ ಕೆಲಸ ಗೊತ್ತಿರುವ ಒಬ್ಬರನ್ನು ಕರೆಸಿ, ಇಪ್ಪತ್ತು ವರ್ಷದಿಂದ ಮಣ್ಣು ಕುಸಿದು ಬಾಯಿ ಮುಚ್ಚಿದ್ದ ನಮ್ಮ ಹಳೆ ಸುರಂಗವನ್ನು ತೆರವು ಮಾಡಿಸಿದೆವು. ನಾಲ್ಕು ದಿನ ಬುಟ್ಟಿಯಲ್ಲಿ ಕೆಸರು ಹೊತ್ತರು. ಐದನೇ ದಿನ ಬೆಳಗ್ಗೆ ನೀರು ಹರಿಯಲು ಇಟ್ಟ ಅಡಿಕೆ ದಂಬೆಯ ತುದಿಯಲ್ಲಿ ಕಿರುಬೆರಳಿನ ಗಾತ್ರದ ನೀರು ಬಿತ್ತು. ಮೇ ತಿಂಗಳ ನೀರು, ತಣ್ಣಗಿತ್ತು. ತೋಟದ ಕೆಳಗಿನ ಅರ್ಧಕ್ಕೆ ಅದು ಸಾಕು. ಮೇಲಿನ ಅರ್ಧದ ಬಗ್ಗೆ ನಮ್ಮಿಬ್ಬರ ಮಾತು ಇನ್ನೂ ಮುಗಿದಿಲ್ಲ.